29:59 — ಬದಿಯಡ್ಕದ ಒಂದು ಸ್ಟುಡಿಯೋ ಮತ್ತು ಕ್ಯಾಮೆರಾ ಕಂಪನಿಗಳ ಲೆಕ್ಕ

2018ರ ಮೇ ತಿಂಗಳ ಒಂದು ಭಾನುವಾರ, ಕಾಸರಗೋಡಿನ ನೀರ್ಚಾಲಿನ ಹತ್ತಿರ ಮನೆಯಂಗಳದಲ್ಲಿ ಮದುವೆ. ಮುಹೂರ್ತ ಹನ್ನೊಂದು ಐವತ್ತಕ್ಕೆ. ಅಂತಃಪಟದ ಆಚೆ ಹುಡುಗ, ಈಚೆ ಹುಡುಗಿ, ಭಟ್ಟರ ಮಂಗಳಾಷ್ಟಕ ಮುಗಿಯುವ ಲಕ್ಷಣವೇ ಇಲ್ಲ. ಮಂಟಪದ ಎದುರು ಟ್ರೈಪಾಡಿನ ಮೇಲೆ ಒಂದು ಸ್ಟಿಲ್ ಕ್ಯಾಮೆರಾ ವಿಡಿಯೋ ಮೋಡಿನಲ್ಲಿ ಓಡುತ್ತಿತ್ತು. ಅದರ ಜವಾಬ್ದಾರಿ ನನ್ನದು. ಹನ್ನೊಂದು ಇಪ್ಪತ್ತಕ್ಕೆ ಗುಂಡಿ ಒತ್ತಿ, ಫ್ರೇಮ್ ಸರಿಮಾಡಿ, ಕೆಂಪು ಚುಕ್ಕಿ ಬಂದದ್ದನ್ನು ನೋಡಿ, ಹುಡುಗನ ಅಜ್ಜಿಯ ಕ್ಲೋಸಪ್ ತೆಗೆಯಲು ಇನ್ನೊಂದು ಕ್ಯಾಮೆರಾ ಹಿಡಿದು ಆಚೆ ಹೋದೆ. ಅಂತಃಪಟ ಸರಿಯಿತು, ಮಾಲೆ ಹಾಕಿಕೊಂಡಾಯಿತು, ವಾಲಗ ಜೋರಾಯಿತು, ಧಾರೆಯೂ ಆಯಿತು. ವಾಪಸು ಬಂದು ನೋಡಿದರೆ ಕೆಂಪು ಚುಕ್ಕಿ ಇಲ್ಲ. ಬ್ಯಾಟರಿ ಇತ್ತು, ಕಾರ್ಡಿನಲ್ಲಿ ಜಾಗ ಇತ್ತು. ಕ್ಲಿಪ್ಪಿನ ಉದ್ದ ಮಾತ್ರ 29 ನಿಮಿಷ 59 ಸೆಕೆಂಡು.

ಊಟದ ಪಂಕ್ತಿ ನಡೆಯುವಾಗ ಸ್ಟುಡಿಯೋದ ಯಜಮಾನರಾದ ಮಾವನನ್ನು ಹಟ್ಟಿಯ ಹತ್ತಿರ ಕರೆದು ಹೇಳಿದೆ.

"ಎಂತ ಮಾರಾಯ, ಕೆಮರಾ ಹಾಳಾಯಿತಾ?"

"ಹಾಳಾಗಿಲ್ಲ ಮಾವ. ಅದರ ನಿಯಮವೇ ಹಾಗಂತೆ. ಅರ್ಧ ಗಂಟೆಯಾಗುವಾಗ ತನ್ನಷ್ಟಕ್ಕೆ ನಿಲ್ಲುತ್ತದೆ."

"ನಿಯಮವಾ! ಯಾರದ್ದು?"

ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಈ ಬರಹ. ಉತ್ತರ ಸಿಕ್ಕಿದ ಜಾಗ ಮಾತ್ರ ವಿಚಿತ್ರ. ಐರೋಪ್ಯ ಒಕ್ಕೂಟದ ಆಮದು ಸುಂಕದ ಪಟ್ಟಿಯಲ್ಲಿ ಸ್ಟಿಲ್ ಕ್ಯಾಮೆರಾಕ್ಕೆ ಸುಂಕ ಇರಲಿಲ್ಲ, ವಿಡಿಯೋ ಕ್ಯಾಮೆರಾಕ್ಕೆ ಶೇ. 4.9 ಇತ್ತು. ಒಂದೇ ಓಟದಲ್ಲಿ 30 ನಿಮಿಷವೋ ಅದಕ್ಕಿಂತ ಹೆಚ್ಚೋ ಒಳ್ಳೆಯ ಗುಣಮಟ್ಟದ ವಿಡಿಯೋ ತೆಗೆಯಬಲ್ಲದ್ದು ವಿಡಿಯೋ ಕ್ಯಾಮೆರಾ ಎಂದು ಅಲ್ಲಿನವರ ಲೆಕ್ಕ. ಕಂಪನಿಗಳು ಒಂದು ಸೆಕೆಂಡು ಕಡಿಮೆ ಮಾಡಿ ಸ್ಟಿಲ್ ಕ್ಯಾಮೆರಾದ ಸಾಲಿನಲ್ಲೇ ಉಳಿದವು. ಯುರೋಪಿಗೆ ಒಂದು, ಉಳಿದವರಿಗೆ ಇನ್ನೊಂದು ಎಂದು ಮಾಡುವ ತಾಪತ್ರಯ ಯಾಕೆ ಎಂದು ಹೆಚ್ಚಿನವರು ಜಗತ್ತಿಗೆಲ್ಲ ಅದೇ ಮಿತಿ ಹಾಕಿದರು. ಹೀಗೆ ಎಲ್ಲಿಯೋ ಉಳಿಸಿದ ಸುಂಕಕ್ಕೆ ನೀರ್ಚಾಲಿನ ಧಾರೆ ತಪ್ಪಿತು. ಆ ಕ್ಯಾಮೆರಾದ ಬ್ರ್ಯಾಂಡ್ ಇಲ್ಲಿ ಬೇಡ. ಅದು ಆ ದಿನಕ್ಕೆ ಬಾಡಿಗೆಗೆ ತಂದದ್ದು, ಮತ್ತು ಆ ಕಾಲದ ಬಹುಪಾಲು ಸ್ಟಿಲ್ ಕ್ಯಾಮೆರಾಗಳ ಕತೆಯೂ ಇದೇ. ಕೈಪಿಡಿ ಓದದ ತಪ್ಪು ನನ್ನದು.

ಮದುಮಗಳ ಚಿಕ್ಕಪ್ಪನ ಮಗನೊಬ್ಬ ಫೋನಿನಲ್ಲಿ ಉದ್ದುದ್ದಕ್ಕೆ ಹಿಡಿದು ತೆಗೆದ ಮೂರು ನಿಮಿಷದ ವಿಡಿಯೋ ಸಿಕ್ಕಿತು. ಅಕ್ಕಪಕ್ಕ ಮಸುಕು ಮಾಡಿ ಅದನ್ನೇ ಸೇರಿಸಿದೆವು. ಹುಡುಗಿಯ ಅಪ್ಪ ನಿವೃತ್ತ ಮಾಸ್ಟ್ರು. ಮಾವನಿಗೆ ಬೈಯಲಿಲ್ಲ. "ಭಟ್ರೇ, ನಿಮ್ಮ ಕೆಮರಾಕ್ಕಿಂತ ನಮ್ಮ ಹುಡುಗನ ಫೋನೇ ಗಟ್ಟಿ" ಎಂದರು ಅಷ್ಟೆ. ಮಾವನಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಸ್ಟುಡಿಯೋ

ಬದಿಯಡ್ಕದಲ್ಲಿ ಮಾವನ ಸ್ಟುಡಿಯೋ ಶುರುವಾದದ್ದು ಪಾಸ್‌ಪೋರ್ಟ್ ಫೋಟೋದಿಂದ. ಕಾಸರಗೋಡಿನಲ್ಲಿ ಸ್ಟುಡಿಯೋಗಳಿಗೆ ಅನ್ನ ಹಾಕಿದ್ದು ಗಲ್ಫ್ ಎಂದರೆ ಅತಿಶಯವಲ್ಲ. ಹೋಗುವವನಿಗೆ ಪಾಸ್‌ಪೋರ್ಟ್ ಫೋಟೋ ಬೇಕು, ಹೋದವನಿಗೆ ಊರಿನ ಮದುವೆಯ ಕ್ಯಾಸೆಟ್ ಬೇಕು. ಮಾವ ಕಾಸರಗೋಡು ಪೇಟೆಯಲ್ಲಿ ಗುರುಗಳ ಕೈಕೆಳಗೆ ಡಾರ್ಕ್‌ರೂಮಿನ ಕೆಲಸ ಕಲಿತು, ಯಾಶಿಕಾದಲ್ಲಿ ದುಡಿದು, ನಿಕಾನಿನ ಎಫ್‌ಎಂ10ಕ್ಕೆ ಬಂದು, ಡಿಜಿಟಲ್ ಬಂದ ಮೇಲೂ ನಿಕಾನಿನಲ್ಲೇ ಉಳಿದವರು. ನಾನು ಅಕ್ಕನ ಮಗ. ಆಲ್ಬಂ ಡಿಸೈನ್, ಎಡಿಟಿಂಗ್, ಲೆಕ್ಕಪತ್ರ ನನ್ನ ಪಾಲಿಗೆ. ಮದುವೆಯ ಸೀಸನ್ನಿನಲ್ಲಿ ಎರಡನೇ ಕ್ಯಾಮೆರಾವೂ ನನ್ನದೇ. ಪೆರ್ಲದ ಕಡೆಯ ಒಬ್ಬ ಹುಡುಗ ಅಸಿಸ್ಟೆಂಟ್.

2018ರ ಕೊನೆಗೆ ನಮ್ಮಲ್ಲಿದ್ದದ್ದು ಇಷ್ಟು: ನಿಕಾನಿನ ಒಂದು ಡಿ750, ಒಂದು ಡಿ7200, ಹುಡುಗನ ಸ್ವಂತದ ಡಿ5300 (ಅಣ್ಣ ದುಬೈಯಿಂದ ತಂದುಕೊಟ್ಟದ್ದು), 80-200 ಮತ್ತು 50 ಎಂಎಂ ಹಳೆಯ ಡಿ ಲೆನ್ಸುಗಳು (ಸ್ವಂತ ಮೋಟಾರಿಲ್ಲದೆ, ಕ್ಯಾಮೆರಾದೊಳಗಿನ ಮೋಟಾರಿನಿಂದ ಫೋಕಸ್ ಆಗುವವು), 24-120, ನಾಲ್ಕು ಫ್ಲ್ಯಾಶು, ಮತ್ತು ವಿಡಿಯೋಕ್ಕೆ ಹೆಗಲ ಮೇಲೆ ಕೂರುವ ಸೋನಿ ಎಂಸಿ2500. ನೀರ್ಚಾಲಿನ ದಿನ ಆ ಹೆಗಲ ಕ್ಯಾಮೆರಾ ಇನ್ನೊಂದು ಮದುವೆಗೆ ಹೋಗಿತ್ತು. ಒಂದೇ ಮುಹೂರ್ತಕ್ಕೆ ಎರಡು ಕಡೆ ಒಪ್ಪಿಕೊಂಡರೆ ಹೀಗಾಗುತ್ತದೆ.

ಆ ಎಂಸಿ2500ರ ಬಗ್ಗೆ ಎರಡು ಮಾತು ಹೇಳಲೇಬೇಕು. ಹೊರಗಿನಿಂದ ನೋಡಿದರೆ ಟಿವಿಯವರ ಕ್ಯಾಮೆರಾ. ಹೆಗಲ ಮೇಲೆ ಇಟ್ಟು ಲೈಟ್ ಹಾಕಿದರೆ ಎದುರಿನ ನೆಂಟರು ತಾವಾಗಿ ದಾರಿ ಬಿಡುತ್ತಾರೆ. ಒಳಗಿನ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮಾತ್ರ ಕಾಲಿಂಚಿನ ವರ್ಗದ್ದು, ಮನೆಬಳಕೆಯ ಹ್ಯಾಂಡಿಕ್ಯಾಮಿನ ಜಾತಿ. ಮೈ ಪ್ರೊಫೆಷನಲ್, ಹೊಟ್ಟೆ ಮನೆಬಳಕೆಯದು. ಇದನ್ನು ಮೋಸ ಎಂದು ನಾನು ಹೇಳಲಾರೆ. ಮದುವೆಯ ವಿಡಿಯೋದವನಿಗೆ ಏನು ಬೇಕು ಎಂದು ಸರಿಯಾಗಿ ತಿಳಿದು ಮಾಡಿದ ಸಾಮಾನು ಅದು: ಇಡೀ ದಿನ ಓಡಬೇಕು, ಫೋಕಸ್ ತಪ್ಪಬಾರದು, ನೋಡಲು ದೊಡ್ಡದಿರಬೇಕು. ಡಿ750 ಕೈಯಲ್ಲಿ ಹಿಡಿದ ನನ್ನನ್ನು "ನೀವು ಹುಡುಗನ ಫ್ರೆಂಡಾ?" ಎಂದು ಕೇಳಿದವರಿದ್ದಾರೆ, ಹೆಗಲ ಕ್ಯಾಮೆರಾದವನನ್ನು ಯಾರೂ ಹಾಗೆ ಕೇಳಿಲ್ಲ.

ಗೆರೆ ಎಳೆಯುವವರು

ಕಂಪನಿಗಳ ಪುಸ್ತಕದಲ್ಲಿ ಗಿರಾಕಿಗಳು ಎರಡು ಬಗೆ. ಒಬ್ಬ ಪ್ರೊಫೆಷನಲ್: ಒಲಿಂಪಿಕ್ಸ್, ಪತ್ರಿಕೆ, ಜಾಹೀರಾತು. ಇನ್ನೊಬ್ಬ ಮನೆಬಳಕೆಯವನು: ಮಗುವಿನ ಹುಟ್ಟುಹಬ್ಬ, ಪ್ರವಾಸ. ಮೊದಲನೆಯವನು ಹೆಸರು ತರುತ್ತಾನೆ, ಎರಡನೆಯವನು ದುಡ್ಡು ತರುತ್ತಾನೆ. ಎರಡನೆಯವನ ಕ್ಯಾಮೆರಾದಲ್ಲಿ ಮೊದಲನೆಯವನ ಕೆಲಸ ಮಾಡಿ ಹೊಟ್ಟೆ ಹೊರೆಯುವ ಬದಿಯಡ್ಕದ, ಉಪ್ಪಳದ, ಮುಳ್ಳೇರಿಯದ ಸ್ಟುಡಿಯೋದವನು ಈ ಎರಡು ಖಾನೆಯಲ್ಲೂ ಕೂರುವುದಿಲ್ಲ. ನನ್ನ ತಕರಾರು ಇಷ್ಟೇ. ಗೆರೆ ಎಳೆದದ್ದಕ್ಕೆ ಬೇಸರವಿಲ್ಲ, ಎಳೆಯುವಾಗ ಅದು ನಮ್ಮ ಅಂಗಳದ ಮೇಲೆ ಹಾದುಹೋಗುತ್ತದೆ ಎಂಬುದು ಅವರ ಗಮನಕ್ಕೇ ಬರಲಿಲ್ಲ.

ಗೆರೆ ಎಳೆಯುವ ಕ್ರಮ ನೋಡಿ. ಅಗ್ಗದ ಕ್ಯಾಮೆರಾದ ಚಿತ್ರದ ಗುಣಮಟ್ಟ ಕಡಿಮೆ ಮಾಡಿದರೆ ಯಾರೂ ಕೊಳ್ಳುವುದಿಲ್ಲ, ಆದ್ದರಿಂದ ಚಿತ್ರ ಚೆನ್ನಾಗಿಯೇ ಇರುತ್ತದೆ. ತೆಗೆಯುವುದು ಬೇರೆಯದನ್ನು. 2006ರ ನಿಕಾನ್ ಡಿ40ಯಲ್ಲಿ ಬಾಡಿಯೊಳಗಿನ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದೊಳಗಿನ, ಫೋಕಸ್ ಮೋಟಾರನ್ನು ಕೈಬಿಟ್ಟರು. ಅಲ್ಲಿಂದ ಮುಂದಿನ ಕೆಳಗಿನ ಸಾಲಿನ ಬಾಡಿಗಳಲ್ಲೂ ಅದಿಲ್ಲ. ನಮ್ಮ ಹುಡುಗ ಮೊದಲ ದಿನ ಮಾವನ 80-200ನ್ನು ತನ್ನ ಡಿ5300ಕ್ಕೆ ಹಾಕಿ, ಗುಂಡಿ ಅರ್ಧ ಒತ್ತಿ, ಲೆನ್ಸ್ ಕಿವಿಯ ಹತ್ತಿರ ಹಿಡಿದು "ಶಬ್ದವೇ ಬರುವುದಿಲ್ಲವಲ್ಲ" ಎಂದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 2015ರ ಡಿ7200ರಲ್ಲಿ ಎರಡು ಕಾರ್ಡ್ ಸ್ಲಾಟ್ ಇತ್ತು. 2017ರಲ್ಲಿ ಅದರ ಜಾಗಕ್ಕೆ ಬಂದ ಡಿ7500ರಲ್ಲಿ ಒಂದೇ. ಪ್ರವಾಸಕ್ಕೆ ಹೋಗುವವನಿಗೆ ಒಂದು ಕಾರ್ಡ್ ಸಾಕು. ಮದುವೆಯವನಿಗೆ ಎರಡನೆಯದು ವಿಮೆ ಇದ್ದ ಹಾಗೆ. ಇನ್ನೊಬ್ಬರ ಮಗಳ ಮದುವೆ ಮತ್ತೊಮ್ಮೆ ನಡೆಸಲಿಕ್ಕೆ ಆಗುತ್ತದೆಯೇ?

ಕ್ಯಾನನ್ ಇದನ್ನು ಇನ್ನೂ ಅಚ್ಚುಕಟ್ಟಾಗಿ ಮಾಡಿತು. 2008ರ 5ಡಿ ಮಾರ್ಕ್ 2ಕ್ಕೆ ಅವರು ಫುಲ್ ಎಚ್‌ಡಿ ವಿಡಿಯೋ ಸೇರಿಸಿದಾಗ, ಸಿನಿಮಾದವರು ಬಂದು ಅದಕ್ಕೆ ಮುಗಿಬೀಳಬಹುದು ಎಂಬ ಅಂದಾಜು ಇದ್ದಂತೆ ಕಾಣುವುದಿಲ್ಲ. ಮೊದಲಿಗೆ ಅದರಲ್ಲಿ ಸೆಕೆಂಡಿಗೆ 30 ಫ್ರೇಮು ಮಾತ್ರ. ನಮ್ಮ ಕರೆಂಟು 50 ಹರ್ಟ್ಸಿನದು. ಟ್ಯೂಬ್‌ಲೈಟಿನ ಹಾಲಿನಲ್ಲಿ 30 ಫ್ರೇಮು ಸರಿಹೊಂದದೆ ಚಿತ್ರ ಮಿಣಮಿಣ ಎನ್ನುತ್ತದೆ, ನಮಗೆ ಬೇಕಾದ್ದು 25. ಎಕ್ಸ್‌ಪೋಷರನ್ನು ಕೈಯಿಂದ ಹಿಡಿದಿಡುವ ಸೌಲಭ್ಯ 2009ರ ಜೂನ್‌ನಲ್ಲಿ, 24 ಮತ್ತು 25 ಫ್ರೇಮು 2010ರ ಮಾರ್ಚ್‌ನಲ್ಲಿ, ಎರಡೂ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ರೂಪದಲ್ಲಿ ಬಂದವು. ಅಂದರೆ ಯಂತ್ರಕ್ಕೆ ಆ ಶಕ್ತಿ ಮೊದಲೇ ಇತ್ತು. ಸಿನಿಮಾದವರು ದುಡ್ಡು ಕೊಡುತ್ತಾರೆ ಎಂದು ಗೊತ್ತಾದ ಮೇಲೆ 2011ರ ನವೆಂಬರಿನಲ್ಲಿ ಅವರಿಗೇ ಬೇರೆ ಸಾಲು, ಸಿನಿಮಾ ಇಓಎಸ್, ತೆರೆದರು. 2012ರ ಸುಮಾರಿಗೆ ಒಂದೇ ಮೈಕಟ್ಟಿನ ಎರಡು ಕ್ಯಾಮೆರಾ: 1ಡಿ ಎಕ್ಸ್, ಮತ್ತು 4ಕೆ ವಿಡಿಯೋ ಇರುವ 1ಡಿ ಸಿ. ಘೋಷಿಸುವಾಗ ಎರಡನೆಯದರ ಬೆಲೆ ಮೊದಲನೆಯದರ ದುಪ್ಪಟ್ಟಿಗಿಂತಲೂ ಹೆಚ್ಚು. ನಮ್ಮ ಕಡೆ ಜೀಪಿಗೆ ಬೋರ್ಡ್ ಬದಲಾಯಿಸಿ ಬಾಡಿಗೆ ಹೆಚ್ಚು ಕೇಳುವುದುಂಟಲ್ಲ, ನನಗೆ ಅದೇ ನೆನಪಾಯಿತು.

ಇದ್ದ ಗಿರಾಕಿಯನ್ನು ಕಾಯುವ ಹೆದರಿಕೆ ಎಷ್ಟು ದುಬಾರಿ ಎಂದು ತಿಳಿಯಲು ಕನ್ನಡಿಯಿಲ್ಲದ (ಮಿರರ್‌ಲೆಸ್) ಕ್ಯಾಮೆರಾಗಳ ಕತೆ ಸಾಕು. ನಿಕಾನ್ 2011ರಲ್ಲಿ ನಿಕಾನ್ 1 ಎಂಬ ಸಾಲು ತಂದಿತು. ಅದರ ಸೆನ್ಸರ್ 13.2 × 8.8 ಮಿ.ಮೀ., ಫುಲ್ ಫ್ರೇಮಿನ (ಹಳೆಯ 35 ಎಂಎಂ ಫಿಲ್ಮಿನ ಅಳತೆಯ ಸೆನ್ಸರಿನ) ಏಳನೇ ಒಂದು ಪಾಲಿನಷ್ಟು ವಿಸ್ತೀರ್ಣ. ತನ್ನದೇ ಡಿಎಸ್‌ಎಲ್‌ಆರ್‌ಗೆ (ಒಳಗೆ ಕನ್ನಡಿಯಿರುವ ಕ್ಯಾಮೆರಾಕ್ಕೆ) ಪೆಟ್ಟು ಕೊಡುವಷ್ಟು ದೊಡ್ಡದಲ್ಲ. ನನ್ನ ಅಂದಾಜಿನಲ್ಲಿ ಅದೇ ಅದರ ಮುಖ್ಯ ಗುಣ, ಅದೇ ಅದರ ರೋಗ. 2018ರಲ್ಲಿ ಅದು ಮುಚ್ಚಿತು. ಕ್ಯಾನನ್ 2012ರಲ್ಲಿ ತಂದ ಇಓಎಸ್ ಎಂ ಸಾಲಿಗೂ ಕೊನೆಗೆ ಅದೇ ಗತಿ. ಸೋನಿಗೆ ಕಾಯಲು ಅಂಥ ದೊಡ್ಡ ಆಸ್ತಿಯಿರಲಿಲ್ಲ. 2006ರಲ್ಲಿ ಕೋನಿಕಾ ಮಿನೋಲ್ಟಾದ ಕ್ಯಾಮೆರಾ ವ್ಯವಹಾರ ಕೊಂಡು ಬಂದ ಹೊಸ ನೆಂಟ. ಕಳೆದುಕೊಳ್ಳುವುದು ಕಡಿಮೆ ಇದ್ದವನಿಗೆ ಧೈರ್ಯ ಜಾಸ್ತಿ. 2013ರಲ್ಲಿ ಫುಲ್ ಫ್ರೇಮ್ ಸೆನ್ಸರನ್ನೇ ಸಣ್ಣ ಬಾಡಿಯಲ್ಲಿಟ್ಟು ಎ7 ತಂದರು. ಲೆನ್ಸ್ ಕಡಿಮೆ, ಬ್ಯಾಟರಿ ಮಧ್ಯಾಹ್ನದ ಊಟದವರೆಗೂ ಬರುವುದಿಲ್ಲ. ಮಾವ ಆಗ ಅದನ್ನು ಕೈಯಲ್ಲಿ ಹಿಡಿದು "ಸೋಪಿನ ಪೆಟ್ಟಿಗೆ" ಎಂದು ವಾಪಸು ಕೊಟ್ಟಿದ್ದರು. 2018ರ ಎ7 3 ಬರುವಾಗ ಅದು ಸೋಪಿನ ಪೆಟ್ಟಿಗೆಯಾಗಿ ಉಳಿದಿರಲಿಲ್ಲ.

ಮನೆಗೊಂದು ಡಿಎಸ್‌ಎಲ್‌ಆರ್ ಇದ್ದ ಕಾಲ

ಕಂಪನಿಗಳ ಮಾರಾಟದ ಏರಿಳಿತ ಅಂಕಿಗಳಲ್ಲಿ ಓದುವುದಕ್ಕಿಂತ ಮೊದಲೇ ನಾವು ಮದುವೆ ಹಾಲಿನಲ್ಲಿ ನೋಡಿದ್ದೆವು. 2012-13ರ ಸುಮಾರಿಗೆ ಕುಂಬಳೆಯ ಒಂದು ನಿಕಾಹ್‌ಗೆ ಹೋದರೆ ಕುತ್ತಿಗೆಗೆ ಡಿಎಸ್‌ಎಲ್‌ಆರ್ ನೇತುಹಾಕಿಕೊಂಡ ಹತ್ತು ಮಂದಿ ಹುಡುಗರು. ರಜೆಯಲ್ಲಿ ಬಂದ ಅಣ್ಣ, ಮಾವ, ಭಾವ ಯಾರಾದರೂ ಒಬ್ಬರು ತಂದುಕೊಟ್ಟ "ಗಲ್ಫ್ ಪೀಸ್", ಕಿಟ್ ಲೆನ್ಸ್ ಸಹಿತ. ನಮ್ಮ ಫ್ರೇಮಿಗೆ ಅಡ್ಡ ಬರುತ್ತಿದ್ದರು, ಬೈದುಕೊಳ್ಳುತ್ತಿದ್ದೆವು. ಆದರೆ ನಮ್ಮ ಅಸಿಸ್ಟೆಂಟ್ ಹುಡುಗರೆಲ್ಲ ಬಂದದ್ದು ಆ ಗುಂಪಿನಿಂದಲೇ. ಮನೆಯಲ್ಲಿ ಕ್ಯಾಮೆರಾ ಇತ್ತು, ಕುತೂಹಲ ಇತ್ತು, ಒಂದು ದಿನ ಸ್ಟುಡಿಯೋಗೆ ಬಂದು "ಅಪರ್ಚರ್ ಅಂದರೆ ಎಂತ ಅಣ್ಣ?" ಎಂದು ಕೇಳಿದವರು.

ನಾಲ್ಕೈದು ವರ್ಷದಲ್ಲಿ ಆ ಹತ್ತು ಮಂದಿ ಕಾಣೆಯಾದರು. ಕ್ಯಾಮೆರಾ ಕಪಾಟಿನಲ್ಲಿ, ಫೋನು ಕೈಯಲ್ಲಿ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಅಂಕಿ ನೋಡಿದರೆ, 2010ರಲ್ಲಿ 12 ಕೋಟಿಗೂ ಮೀರಿದ್ದ ಡಿಜಿಟಲ್ ಕ್ಯಾಮೆರಾಗಳ ರವಾನೆ 2020ರಲ್ಲಿ 90 ಲಕ್ಷಕ್ಕಿಂತ ಕೆಳಗೆ ಬಂದಿತ್ತು. 2020ರಲ್ಲಿ ಕೊರೋನಾ ಇತ್ತು ನಿಜ, ಆದರೆ ಬೀಳುವುದು ಅದಕ್ಕಿಂತ ಎಷ್ಟೋ ಮೊದಲೇ ಬಿದ್ದಾಗಿತ್ತು. ಸ್ಯಾಮ್‌ಸಂಗ್ ಎನ್‌ಎಕ್ಸ್ ಸಾಲನ್ನು ಬಿಟ್ಟಿತು, ಕ್ಯಾಸಿಯೋ 2018ರಲ್ಲಿ ಕಾಂಪ್ಯಾಕ್ಟ್ ಬಿಟ್ಟಿತು, ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನೇ ಮಾರಿತು. ನಿಕಾನ್ 2016ರಲ್ಲಿ ಡಿಎಲ್ ಎಂಬ ಮೂರು ಕಾಂಪ್ಯಾಕ್ಟ್‌ಗಳನ್ನು ಘೋಷಿಸಿ, ಅಂಗಡಿಗೆ ಬರುವ ಮೊದಲೇ 2017ರಲ್ಲಿ ಕೈಬಿಟ್ಟಿತು.

ಉಳಿದವರು ಮಾಡಿದ್ದು ಒಂದೇ: ಮೇಲಕ್ಕೆ ಓಡಿದರು. ಕಡಿಮೆ ಮಾಲು, ಹೆಚ್ಚು ಬೆಲೆ. ಕೋಟಿಗಟ್ಟಲೆ ಸಣ್ಣ ಕ್ಯಾಮೆರಾಗಳ ಲಾಭದಿಂದ ನಾಲ್ಕು ದೊಡ್ಡ ಕ್ಯಾಮೆರಾ ಸಾಕುತ್ತಿದ್ದವರು, ಈಗ ದೊಡ್ಡದರಿಂದಲೇ ಬದುಕಬೇಕಾಯಿತು. ಇದರಿಂದ ಒಳ್ಳೆಯ ಯಂತ್ರಗಳು ಬಂದವು, ಅಲ್ಲ ಎನ್ನುವುದಿಲ್ಲ. ಏಣಿಯ ಕೆಳಗಿನ ಮೆಟ್ಟಿಲು ಮಾತ್ರ ಹೋಯಿತು.

ಆಯ್ಕೆ

2018ರ ಡಿಸೆಂಬರಿನಲ್ಲಿ ಕೂತು ಲೆಕ್ಕ ಹಾಕಿದೆವು. ಅಡಕೆ ಮಾರಿದ ದುಡ್ಡು ಸ್ವಲ್ಪ, ಸೊಸೈಟಿಯ ಸಾಲ ಸ್ವಲ್ಪ. ಅದೇ ತಿಂಗಳ 22ರಂದು ಜಿಎಸ್‌ಟಿ ಕೌನ್ಸಿಲ್ ಡಿಜಿಟಲ್ ಕ್ಯಾಮೆರಾ ಮತ್ತು ವಿಡಿಯೋ ಕ್ಯಾಮೆರಾದ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಿತು, ಜನವರಿ 1ರಿಂದ ಜಾರಿ. ನೋಂದಣಿಯಿಲ್ಲದ ನಮ್ಮಂಥವರಿಗೆ ಕಟ್ಟಿದ ತೆರಿಗೆ ಹಿಂದೆ ಬರುವುದಿಲ್ಲ, ಆದ್ದರಿಂದ ಈ ಹತ್ತು ಶೇಕಡಾ ನೇರ ಜೇಬಿನ ಮಾತು. ಒಂದು ವಾರ ಮೊದಲು ಕೊಳ್ಳಲು ಹೊರಟಿದ್ದೆವು. ಮಾವನಿಗೆ ಜ್ವರ ಬಂದು ಮಂಗಳೂರಿಗೆ ಹೋಗುವುದು ತಪ್ಪಿತ್ತು. ಆ ಜ್ವರವನ್ನು ಅವರು ಈಗಲೂ ಹೊಗಳುತ್ತಾರೆ.

ಎದುರಿಗೆ ಮೂರು ದಾರಿ. ಇದ್ದಲ್ಲೇ ಇದ್ದು ಇನ್ನೊಂದು ಡಿ750 ತರುವುದು. ನಿಕಾನಿನ ಹೊಸ ಝಡ್6ಕ್ಕೆ ಹೋಗುವುದು. ಅಥವಾ ಸೋನಿ. ಕ್ಯಾನನ್ನಿನ ಇಓಎಸ್ ಆರ್ ಒಂದೇ ಕಾರ್ಡಿನದು, 4ಕೆ ವಿಡಿಯೋ ತೆಗೆಯುವಾಗ ಚೌಕಟ್ಟು ಕತ್ತರಿಸುತ್ತದೆ. ಅದರ ಮಾತು ಐದು ನಿಮಿಷಕ್ಕೆ ಮುಗಿಯಿತು.

ಮಾವನ ಮನಸ್ಸು ಝಡ್6ರ ಕಡೆ. ನಿಕಾನಿನ ಋಣ, ಹಿಡಿತವೂ ಚೆಂದ. ಲೆನ್ಸ್ ಮೌಂಟ್ (ಲೆನ್ಸ್ ಕೂರುವ ಬಾಯಿ) 1959ರಿಂದ ಬಂದ ಎಫ್ ಮೌಂಟಿಗಿಂತ ಅಗಲ, ಒಳವ್ಯಾಸ 55 ಮಿ.ಮೀ.ಗೆ ಏರಿದೆ, ಮುಂದಿನ ಐವತ್ತು ವರ್ಷಕ್ಕೆ ಕಟ್ಟಿದ ಮನೆಯ ಹಾಗೆ. ಆದರೆ ಎರಡು ತೊಡಕು. ಒಂದು, ಕಾರ್ಡ್ ಸ್ಲಾಟ್ ಒಂದೇ, ಅದೂ ದುಬಾರಿಯ ಎಕ್ಸ್‌ಕ್ಯೂಡಿ. ಎರಡು, ಹಳೆಯ ಲೆನ್ಸಿಗೆಂದು ಕೊಡುವ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟಾರ್ ಇಲ್ಲ. ಮಾವನ ಪ್ರಾಣವಾದ 80-200 ಅದರಲ್ಲಿ ಕೂರುತ್ತದೆ, ಆದರೆ ಫೋಕಸ್ ಕೈಯಿಂದಲೇ ತಿರುಗಿಸಬೇಕು.

"ಹಾಗಾದರೆ ನಾನು ಇಷ್ಟು ವರ್ಷ ಇವರ ಲೆನ್ಸ್ ಕೊಂಡದ್ದು ಎಂತಕ್ಕೆ?" ಎಂದರು.

ಈ ಮಾತಿನಲ್ಲೇ ಆಯ್ಕೆಯ ಕೀಲಿ ಇತ್ತು. ಯಾವ ಬಾಡಿ ಒಳ್ಳೆಯದು ಎಂಬುದು ದೊಡ್ಡ ಪ್ರಶ್ನೆಯಲ್ಲ, ಬಾಡಿ ನಾಲ್ಕೈದು ವರ್ಷದ ಸಾಮಾನು. ಕಂಪನಿ ನಮ್ಮ ಜೇಬನ್ನು ಹೇಗೆ ಕಾಣುತ್ತದೆ ಎಂಬುದು ಲೆನ್ಸ್ ಮೌಂಟಿನಲ್ಲಿ ಗೊತ್ತಾಗುತ್ತದೆ. ಸೋನಿ 2011ರಲ್ಲೇ ತನ್ನ ಇ ಮೌಂಟಿನ ಮೂಲ ವಿವರಗಳನ್ನು ಬೇರೆ ಲೆನ್ಸ್ ತಯಾರಕರಿಗೆ ಶುಲ್ಕವಿಲ್ಲದೆ ತೆರೆದಿತ್ತು. ಔದಾರ್ಯದಿಂದಲ್ಲ, ತನ್ನ ಲೆನ್ಸಿನ ಸಾಲು ತೆಳ್ಳಗಿತ್ತು ಎಂಬ ಕಾರಣಕ್ಕೆ ಇರಬೇಕು. ಅದರ ಫಲ 2018ರಲ್ಲಿ ಬಂತು: ಟ್ಯಾಮ್ರಾನಿನ 28-75 ಎಫ್ 2.8. 550 ಗ್ರಾಂ ತೂಕ, ಸೋನಿಯ ಸ್ವಂತ 24-70 ಎಫ್ 2.8ಕ್ಕೆ ಕೊಡುವ ದುಡ್ಡಿನ ಅರ್ಧವೂ ಬೇಡ. ಆ ಒಂದು ಲೆನ್ಸ್ ಮದುವೆಯ ಮುಕ್ಕಾಲು ಕೆಲಸ ಮುಗಿಸುತ್ತದೆ. ಆಗ ಝಡ್ ಮೌಂಟಿಗೂ ಕ್ಯಾನನ್ನಿನ ಆರ್‌ಎಫ್ ಮೌಂಟಿಗೂ ಅಂಥದ್ದೊಂದು ಇರಲಿಲ್ಲ. ಅಂಗಡಿಯಲ್ಲಿ ಮಾವನಿಗೆ ಇದನ್ನು ಹೀಗೆ ಹೇಳಿದೆ: "ಮಾವ, ಇವರ ಮನೆಯಲ್ಲಿ ಹೊರಗಿನ ಅಡಿಗೆಯವರಿಗೂ ಪ್ರವೇಶ ಉಂಟು." ನಕ್ಕರು.

ಜನವರಿಯಲ್ಲಿ ಎ7 3 ಮತ್ತು ಟ್ಯಾಮ್ರಾನ್ ಬಂದವು. ಎರಡು ಕಾರ್ಡ್ ಸ್ಲಾಟ್, ದಿನವಿಡೀ ಬರುವ ಬ್ಯಾಟರಿ. ಡಿ750 ಮತ್ತು 80-200 ಮಾವನ ಕೈಯಲ್ಲೇ ಉಳಿದವು; ಅವನ್ನು ಮಾರುವ ಮಾತೆತ್ತಿದರೆ ಮನೆಯಲ್ಲಿ ಅನ್ನ ಸಿಕ್ಕುತ್ತಿರಲಿಲ್ಲ. ಆದರೆ ನೋಡಿ, ಎ7 3ರಲ್ಲೂ ವಿಡಿಯೋ 29 ನಿಮಿಷಕ್ಕೆ ನಿಲ್ಲುತ್ತದೆ. ಯಾವ ಪೆಟ್ಟಿನಿಂದ ಈ ಲೆಕ್ಕವೆಲ್ಲ ಶುರುವಾಯಿತೋ ಅದಕ್ಕೇ ಮದ್ದಿಲ್ಲ. ಮದ್ದು ಸಿಕ್ಕಿದ್ದು ಅದೇ ಜನವರಿಯಲ್ಲಿ ಘೋಷಣೆಯಾದ, ಅದರ ಅರ್ಧದಷ್ಟು ಬೆಲೆಯ, ಮನೆಬಳಕೆಯ ಸಾಲಿನ ಎ6400ರಲ್ಲಿ. ಅದಕ್ಕೆ ಮಿತಿಯೇ ಇಲ್ಲ! ಯೂಟ್ಯೂಬಿನವರಿಗೆಂದು ಮಾಡಿದ ಕ್ಯಾಮೆರಾ, ಸ್ಕ್ರೀನು ಸೆಲ್ಫಿಗೆ ತಿರುಗುತ್ತದೆ. ಬೇಸಗೆಯ ಹೊತ್ತಿಗೆ ಅದನ್ನೂ ತಂದೆವು. ಮಂಟಪದ ಎದುರಿನ ಟ್ರೈಪಾಡಿಗೆ ಅದು ಏರಿತು. ಬ್ಯಾಟರಿ ಸಣ್ಣದಾದ್ದರಿಂದ ಟ್ರೈಪಾಡಿನ ಕಾಲಿಗೆ ಎರಡು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಪವರ್‌ಬ್ಯಾಂಕ್ ಕಟ್ಟಿದೆವು. ಮೊದಲ ಮದುವೆಯಲ್ಲಿ ಮಾವ ಅದರ ಎದುರು ಕುರ್ಚಿ ಹಾಕಿ ಕೂತು, ಟೈಮರ್ 30:00 ದಾಟಿ 30:01 ಆಗುವುದನ್ನು ಕಣ್ಣಾರೆ ನೋಡಿ ಎದ್ದರು.

ಆಮೇಲೆ

ಆಯ್ಕೆ ಸರಿಯಾಯಿತೇ? ಹೌದು ಎನ್ನುತ್ತೇನೆ, ಆದರೆ ನಾನು ಹಾಕಿದ ಲೆಕ್ಕದಲ್ಲಿ ಒಂದು ಖರ್ಚು ಬಿಟ್ಟುಹೋಗಿತ್ತು: ಬಣ್ಣ. ಚಪ್ಪರದ ಹಳದಿ ಬಟ್ಟೆಯಡಿ ಕೆಂಪು ಪಟ್ಟೆ ಸೀರೆ ಉಟ್ಟ ಮದುಮಗಳು ನಿಕಾನಿನಲ್ಲಿ ಒಂದು ಬಣ್ಣ, ಸೋನಿಯಲ್ಲಿ ಇನ್ನೊಂದು. ಆಲ್ಬಂನ ಎಡಪುಟದಲ್ಲಿ ಗೋಧಿ ಮೈಬಣ್ಣ, ಬಲಪುಟದಲ್ಲಿ ಸ್ವಲ್ಪ ಹಸಿರು ಛಾಯೆ. ಒಂದು ಮದುವೆಗೆ ಎರಡು ರಾತ್ರಿಯ ಎಡಿಟಿಂಗ್ ಇದ್ದದ್ದು ನಾಲ್ಕು ರಾತ್ರಿಯಾಯಿತು. ಮೂರು ಬಗೆಯ ಬ್ಯಾಟರಿ, ಮೂರು ಚಾರ್ಜರ್. ಕೆಂಪು, ಕಪ್ಪು, ಹಸಿರು ಇನ್ಸುಲೇಷನ್ ಟೇಪ್ ಅಂಟಿಸಿ ಗುರುತು ಮಾಡಿದೆವು. ಇಂಥ ಖರ್ಚು ಯಾವ ಕಂಪನಿಯ ಬೆಲೆಪಟ್ಟಿಯಲ್ಲೂ ಇರುವುದಿಲ್ಲ.

2020ರ ಮಾರ್ಚ್‌ನಲ್ಲಿ ಡಿ7200 ಮಂಗಳೂರಿನಲ್ಲಿ ರಿಪೇರಿಗೆ ಇತ್ತು. ಲಾಕ್‌ಡೌನ್ ಬಂತು, ಕರ್ನಾಟಕದವರು ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ಇಲ್ಲಿನ ರೋಗಿಗಳಿಗೆ ದಾರಿಯಿಲ್ಲದಾಗ ಕ್ಯಾಮೆರಾದ ಮಾತು ಎತ್ತಲೂ ನಾಚಿಕೆ. ಆಲ್ಬಂ ಪ್ರಿಂಟಿಂಗ್ ಗಡಿಯಾಚೆ, ಸರ್ವಿಸ್ ಗಡಿಯಾಚೆ, ನಾವು ಈಚೆ. ಮತ್ತೆ ಮದುವೆಗಳು ಶುರುವಾದಾಗ ಅಂಗಳದಲ್ಲಿ ಬೆರಳೆಣಿಕೆಯ ಜನ, ಉಳಿದ ನೆಂಟರೆಲ್ಲ ದೋಹಾ, ದುಬೈ, ಬೆಂಗಳೂರಿನಲ್ಲಿ ಫೋನಿನ ಎದುರು. ಆಗ ಲೈವ್ ಮಾಡಿಕೊಟ್ಟದ್ದೂ ಅದೇ ಎ6400, ಒಂದು ಎಚ್‌ಡಿಎಂಐ ವಯರು, ಒಂದು ಹಳೆಯ ಲ್ಯಾಪ್‌ಟಾಪು. ಪ್ರೊಫೆಷನಲ್ ಎಂದು ಕೊಂಡದ್ದು ಫೋಟೋ ತೆಗೆಯಿತು, ಮನೆಬಳಕೆಯದು ಬಾಡಿಗೆ ದುಡಿಯಿತು.

ಕಂಪನಿಗಳು ಏನು ಮಾಡಿದವು ಎಂದರೆ, ನಾವು ಎತ್ತಿದ ತಕರಾರುಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ಸರಿಮಾಡಿದವು. ನಿಕಾನಿನ ಝಡ್6 2ರಲ್ಲಿ ಎರಡು ಸ್ಲಾಟ್ ಬಂತು. ಕ್ಯಾನನ್ನಿನ ಆರ್6 2ರಲ್ಲಿ ಅರ್ಧ ಗಂಟೆಯ ಮಿತಿ ಹೋಯಿತು. 2022ರಿಂದ ಝಡ್ ಮೌಂಟಿಗೆ ಟ್ಯಾಮ್ರಾನ್ ಲೆನ್ಸ್ ಅಧಿಕೃತವಾಗಿ ಬರತೊಡಗಿತು. ಕ್ಯಾನನ್ ಮಾತ್ರ ಫುಲ್ ಫ್ರೇಮಿನ ಬಾಗಿಲು ಬಿಗಿಯಾಗಿ ಹಿಡಿದುಕೊಂಡಿತು. 2024ರಲ್ಲಿ ನಿಕಾನ್ ಅಮೆರಿಕದ ರೆಡ್ ಎಂಬ ಸಿನಿಮಾ ಕ್ಯಾಮೆರಾ ಕಂಪನಿಯನ್ನೇ ಕೊಂಡುಕೊಂಡಿತು. 2018ರ ಡಿಸೆಂಬರಿನಲ್ಲಿ ಇವೆಲ್ಲ ಇದ್ದಿದ್ದರೆ ನಾವು ನಿಕಾನ್ ಬಿಡುತ್ತಿರಲಿಲ್ಲ.

ಈಗ ತೊಂದರೆ ನಮಗಲ್ಲ, ಹುಡುಗನಿಗೆ. ಪೆರ್ಲದವನು ಈಗ ಸ್ವಂತ ಕೆಲಸ ಹಿಡಿಯುವಷ್ಟು ಬೆಳೆದಿದ್ದಾನೆ. ಅವನ ಡಿ5300 ಕಳೆದ ಮಳೆಗಾಲಕ್ಕೆ ಕಣ್ಣುಮುಚ್ಚಿತು. ಹೊಸದು ಕೊಳ್ಳೋಣವೆಂದರೆ ಮೊದಲಿನ ಹಾಗೆ ಡಿ3500, ಡಿ5600 ಎಂಬ ಸಾಲು ಇಲ್ಲ. ಕೈಗೆಟಕುವ ಬೆಲೆಯಲ್ಲಿ ಹೊಸತಾಗಿ ಸಿಗುವುದು ಹೆಚ್ಚಾಗಿ ವ್ಲಾಗರಿಗೆಂದು ಮಾಡಿದವು: ಸೋನಿಯ ಝಡ್‌ವಿ-ಇ10, ನಿಕಾನಿನ ಝಡ್30. ಚಿತ್ರ ಚೆನ್ನ, ವಿಡಿಯೋ ಚೆನ್ನ, ಮೈಕ್ ಇನ್ನೂ ಚೆನ್ನ. ಈ ಸಲ ತೆಗೆದದ್ದು ವ್ಯೂಫೈಂಡರು. ತನ್ನನ್ನು ತಾನೇ ಹಿಡಿದುಕೊಳ್ಳುವವನಿಗೆ ಕಣ್ಣಿಡುವ ಕಿಂಡಿ ಯಾಕೆ ಎಂದು ಅವರ ಲೆಕ್ಕ. ಹಳೆಯ ಲೆನ್ಸ್ ಎರಡು ಹಾಕಬಹುದೆಂದು, ಸಾಲ ಮಾಡಿ, ಹುಡುಗ ಅಂಥದ್ದೊಂದನ್ನೇ ಕೊಂಡ.

ಕಳೆದ ಜನವರಿಯಲ್ಲಿ ಬೇಕಲ ಕೋಟೆಯಲ್ಲಿ ಒಂದು ಔಟ್‌ಡೋರ್ ಶೂಟ್. ಹುಡುಗನದೇ ಕಾಂಟ್ರಾಕ್ಟ್, ನಾವು ಸಹಾಯಕ್ಕೆ. ಹತ್ತು ಗಂಟೆಯ ಬಿಸಿಲು, ಎದುರಿಗೆ ಸಮುದ್ರ, ಸ್ಕ್ರೀನಿನಲ್ಲಿ ಅವನ ಮುಖವೇ ಕಾಣುತ್ತದೆ ಹೊರತು ಮದುಮಕ್ಕಳು ಕಾಣುವುದಿಲ್ಲ. ಕೈ ಅಡ್ಡ ಹಿಡಿದು ನೋಡಿದ, ಟೊಪ್ಪಿ ಅಡ್ಡ ಹಿಡಿದು ನೋಡಿದ. ಕೊನೆಗೆ ಹೆಗಲ ಮೇಲಿನ ಬೈರಾಸನ್ನು ತಲೆಯ ಮೇಲಿನಿಂದ ಕ್ಯಾಮೆರಾದ ಮೇಲೆ ಎಳೆದುಕೊಂಡು ಅದರೊಳಗಿನಿಂದ "ಸ್ವಲ್ಪ ಎಡಕ್ಕೆ, ಎಡಕ್ಕೆ" ಎನ್ನತೊಡಗಿದ. ಕೋಟೆಯ ಗೋಡೆಯ ನೆರಳಿನಲ್ಲಿ ಕೂತಿದ್ದ ಮಾವ ನನ್ನ ತೋಳು ತಟ್ಟಿ ತೋರಿಸಿದರು. ಅವರ ಗುರುಗಳ ಸ್ಟುಡಿಯೋದಲ್ಲಿ ಮರದ ದೊಡ್ಡ ಕ್ಯಾಮೆರಾ ಇತ್ತಂತೆ, ಕಪ್ಪು ಬಟ್ಟೆ ಹೊದ್ದುಕೊಂಡು ನೋಡುವಂಥದ್ದು.

"ನೋಡು, ಅಲ್ಲಿಗೇ ಬಂದರು" ಎಂದು ನಕ್ಕು, ಡಿ750 ಎತ್ತಿಕೊಂಡು ಬೈರಾಸಿನ ಒಳಗಿದ್ದ ಹುಡುಗನದೇ ಒಂದು ಫೋಟೋ ತೆಗೆದರು.